ಜೋತುಬಿದ್ದ ಪಾದ: ಸೊಂಟದಲ್ಲಿ ಹುಡುಕಿದ್ದು, ಮಂಡಿಯ ಪಕ್ಕದಲ್ಲಿ ಸಿಕ್ಕಿದ್ದು

ಹೊರರೋಗಿ ವಿಭಾಗ ಮುಗಿಯುವ ಹೊತ್ತಿಗೆ ಬಂದ ಆ ರೋಗಿಯ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವರ ಹೆಜ್ಜೆಯ ಸದ್ದು. ಬಲಗಾಲಿನದು ಎಲ್ಲರ ಹೆಜ್ಜೆಯಂತೆಯೇ ಇತ್ತು. ಎಡಗಾಲು ಮಾತ್ರ ನೆಲಕ್ಕೆ 'ಟಪ್' ಎಂದು ಬಡಿಯುತ್ತಿತ್ತು. ಒಳಗೆ ಬಂದಾಗ ಕಂಡದ್ದೂ ಅದಕ್ಕೆ ಹೊಂದುವಂತಿತ್ತು: ಪ್ರತಿ ಹೆಜ್ಜೆಗೂ ಎಡಮಂಡಿಯನ್ನು ಅಗತ್ಯಕ್ಕಿಂತ ಎತ್ತರಕ್ಕೆ ಎತ್ತುತ್ತಿದ್ದರು, ಕೆಳಗೆ ಪಾದ ಜೋತಾಡುತ್ತಿತ್ತು, ಹಿಮ್ಮಡಿಗಿಂತ ಮೊದಲು ಬೆರಳುಗಳು ನೆಲ ಮುಟ್ಟುತ್ತಿದ್ದವು. ವೈದ್ಯರು ಇದನ್ನು ಫುಟ್ ಡ್ರಾಪ್ ಎನ್ನುತ್ತಾರೆ.

ವಯಸ್ಸು 46. ನೆಲಕ್ಕೆ ಟೈಲ್ಸ್ ಕೂರಿಸುವ ಕೆಲಸ. ಐದು ದಿನಗಳ ಹಿಂದೆ ಬೆಳಿಗ್ಗೆ ಎದ್ದಾಗ ಎಡಗಾಲಿನ ಚಪ್ಪಲಿ ಕಾಲಲ್ಲಿ ನಿಲ್ಲಲಿಲ್ಲವಂತೆ. ಅಂದಿನಿಂದ ಎರಡು ಸಲ ಎಡವಿ ಬಿದ್ದಿದ್ದರು. ಆರು ವರ್ಷಗಳಿಂದ ಆಗಾಗ ಕಾಡುವ ಸೊಂಟನೋವು ಇತ್ತು. ಕೈಯಲ್ಲಿ ಎಂಆರ್‌ಐ ವರದಿ ಮತ್ತು ಒಂದು ಪತ್ರ. ವರದಿಯ ಪ್ರಕಾರ ಸೊಂಟದ ನಾಲ್ಕನೆಯ ಮತ್ತು ಐದನೆಯ ಮೂಳೆಗಳ ನಡುವಿನ ಡಿಸ್ಕ್ ಎಡಕ್ಕೆ ಉಬ್ಬಿ ಎಲ್‌5 ನರಮೂಲವನ್ನು, ಎಂದರೆ ಅಲ್ಲಿಂದ ಕಾಲಿಗೆ ಹೊರಡುವ ನರದ ಬೇರನ್ನು, ತಾಗುತ್ತಿತ್ತು. ಪತ್ರದಲ್ಲಿ ಎರಡೇ ಸಾಲು: ಎಲ್‌5 ನರಮೂಲದ ಒತ್ತಡದಿಂದ ಫುಟ್ ಡ್ರಾಪ್, ಡಿಸ್ಕ್ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಿ.

ನಾನು ಪತ್ರವನ್ನು ಮೊದಲು ಓದಿದೆ, ಕಾಲನ್ನು ಆಮೇಲೆ ನೋಡಿದೆ. ಮುಂದೆ ಆದ ತಪ್ಪು ಹುಟ್ಟಿದ್ದು ಅಲ್ಲಿಯೇ ಎಂದು ನಂಬಿದ್ದೇನೆ. (ರೋಗಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪರೀಕ್ಷೆಯಲ್ಲಿ ಕಂಡದ್ದನ್ನು ಬದಲಿಸಿಲ್ಲ.)

ಮೊದಲ ಸಂಜೆ: ಕಾಯಲಾಗದ ಸಂಗತಿಗಳು

ದಿಢೀರನೆ ಪಾದ ಜೋತುಬಿದ್ದವರಲ್ಲಿ ಕಾರಣ ಹುಡುಕುವ ಮುನ್ನ, ಗಂಟೆಗಳ ಲೆಕ್ಕದಲ್ಲಿ ಕಾಲನ್ನು ಕಸಿದುಕೊಳ್ಳಬಲ್ಲ ಸ್ಥಿತಿಗಳು ಇವೆಯೇ ಎಂದು ನೋಡಿಬಿಡಬೇಕು. ಮೂತ್ರ ಕಟ್ಟುತ್ತಿದೆಯೇ, ಮಲದ್ವಾರದ ಸುತ್ತ ಮರಗಟ್ಟಿದೆಯೇ, ಎರಡೂ ಕಾಲುಗಳಲ್ಲಿ ಶಕ್ತಿ ಕುಂದಿದೆಯೇ ಎಂದು ಕೇಳಿದೆ. ಯಾವುದೂ ಇರಲಿಲ್ಲ. ನಂತರ ಕಣಕಾಲಿಗೆ ಬಂದೆ.

ಕಣಕಾಲಿನ ಸ್ನಾಯುಗಳು ನಾಲ್ಕು ಕೋಶಗಳಲ್ಲಿ ತುಂಬಿಕೊಂಡಿವೆ: ಮುಂದೆ ಒಂದು, ಹೊರಬದಿಗೆ ಒಂದು, ಹಿಂದೆ ಮೇಲ್ಪದರ ಮತ್ತು ಒಳಪದರ ಎಂದು ಎರಡು. ಪ್ರತಿ ಕೋಶವನ್ನೂ ಹಿಗ್ಗದ ತಂತುಪೊರೆ ಬಿಗಿಯಾಗಿ ಸುತ್ತಿದೆ. ಒಳಗೆ ಊತ ಬಂದರೆ ಜಾಗ ಸಾಲದೆ ಒತ್ತಡ ಏರುತ್ತದೆ, ಸ್ನಾಯುವಿಗೂ ನರಕ್ಕೂ ರಕ್ತ ಸಿಗದಂತಾಗುತ್ತದೆ. ಇದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಮುಂಗೋಶದಲ್ಲಿ ಅದು ಆದರೆ ಪಾದ ಜೋತುಬೀಳುತ್ತದೆ. ಪಾದದ ನಾಡಿ ಸಿಕ್ಕಿತೆಂದು ಸಮಾಧಾನಪಡುವುದು ಇಲ್ಲಿ ಅಪಾಯ. ಕೋಶದೊಳಗಿನ ಒತ್ತಡ ಸೂಕ್ಷ್ಮ ರಕ್ತನಾಳಗಳನ್ನು ಅದುಮಿಬಿಟ್ಟ ಮೇಲೂ ದೊಡ್ಡ ಅಪಧಮನಿಯಲ್ಲಿ ರಕ್ತ ಹರಿಯುತ್ತಲೇ ಇರಬಹುದು. ನಂಬಬೇಕಾದದ್ದು ಗಾಯಕ್ಕೆ ಮೀರಿದ ನೋವನ್ನು, ಹಲಗೆಯಂತೆ ಬಿರುಸಾದ ಕಣಕಾಲನ್ನು, ಬೆರಳುಗಳನ್ನು ನಾವೇ ಮೆಲ್ಲನೆ ಎಳೆದಾಗ ರೋಗಿ ಪಡುವ ಯಾತನೆಯನ್ನು. ಇವರ ಕಾಲು ಮೃದುವಾಗಿತ್ತು. ಬೆರಳುಗಳನ್ನು ಪೂರ್ತಿ ಕೆಳಗೆ ಬಾಗಿಸಿದಾಗಲೂ ನೋವಿರಲಿಲ್ಲ.

ಮೀನಖಂಡವನ್ನು ಅಳೆದೆ. ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಎಡಗಾಲಿನ ಸುತ್ತಳತೆ 35, ಬಲಗಾಲಿನದು 35.5. ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ ಶಂಕೆಗೆ ಬಲ ಬರುವುದು ನೋವಿರುವ ಕಾಲು ಇನ್ನೊಂದಕ್ಕಿಂತ 3 ಸೆಂಟಿಮೀಟರಿಗೂ ಹೆಚ್ಚು ದಪ್ಪವಿದ್ದಾಗ. ಪಾದವನ್ನು ಮೇಲಕ್ಕೆ ಒತ್ತಿ ಮೀನಖಂಡದಲ್ಲಿ ನೋವು ಬರುತ್ತದೆಯೇ ಎಂದು ನೋಡುವ ಹೋಮನ್ಸ್ ಪರೀಕ್ಷೆಯನ್ನು ನಾನು ಮಾಡುವುದಿಲ್ಲ. ಹೆಪ್ಪು ಇದ್ದಾಗಲೂ ಅದು ಸುಮ್ಮನಿರುತ್ತದೆ, ಇಲ್ಲದಾಗಲೂ ಹೌದೆನ್ನುತ್ತದೆ.

ಇನ್ನು ನಾಡಿಗಳು. ತೊಡೆಸಂದಿನ ನಾಡಿ ಚೆನ್ನಾಗಿತ್ತು. ಮಂಡಿಯ ಹಿಂದಿನದು ಆಳದಲ್ಲಿರುತ್ತದೆ. ಮಂಡಿಯನ್ನು ಸ್ವಲ್ಪ ಮಡಚಿಸಿ, ಸ್ನಾಯುಗಳು ಸಡಿಲವಾದ ಮೇಲೆ ಎರಡೂ ಕೈಬೆರಳುಗಳಿಂದ ಮೂಳೆಗೆ ಒತ್ತಿ ಹಿಡಿದರೆ ಮಾತ್ರ ಸಿಗುತ್ತದೆ. ಸಿಕ್ಕಿತು. ಒಳಹರಡಿನ ಮೂಳೆಗೂ ಹಿಮ್ಮಡಿಗೂ ನಡುವೆ ಪೋಸ್ಟೀರಿಯರ್ ಟಿಬಿಯಲ್ ನಾಡಿ ಬಲವಾಗಿ ಬಡಿಯುತ್ತಿತ್ತು. ಆದರೆ ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ಸ್ನಾಯುರಜ್ಜುವಿನ ಹೊರಪಕ್ಕದಲ್ಲಿ ಸಿಗಬೇಕಾದ ಡಾರ್ಸಾಲಿಸ್ ಪೀಡಿಸ್ ಸಿಗಲಿಲ್ಲ. ಬೆರಳಿನ ಒತ್ತಡ ತಗ್ಗಿಸಿ ಹುಡುಕಿದರೂ ಇಲ್ಲ.

ಪಾದವನ್ನು ಎತ್ತುವ ಸ್ನಾಯುಗಳಿಗೆ ರಕ್ತ ಕೊಡುವ ಆಂಟೀರಿಯರ್ ಟಿಬಿಯಲ್ ಅಪಧಮನಿಯೇ ಮುಂದೆ ಹರಡನ್ನು ದಾಟಿ ಡಾರ್ಸಾಲಿಸ್ ಪೀಡಿಸ್ ಎನಿಸಿಕೊಳ್ಳುತ್ತದೆ. ಅದೇ ಸ್ನಾಯುಗಳು ಸೋತಿವೆ, ಅದೇ ನಾಳದ ನಾಡಿ ಕೈಗೆ ಸಿಗುತ್ತಿಲ್ಲ. ಒಂದು ಕ್ಷಣ ಎದೆ ಧಸಕ್ಕೆಂದಿತು. ಉತ್ತರ ಇದ್ದದ್ದು ಇನ್ನೊಂದು ಕಾಲಿನಲ್ಲಿ. ಆರೋಗ್ಯವಾಗಿದ್ದ ಬಲಪಾದದಲ್ಲೂ ಆ ನಾಡಿ ಇರಲಿಲ್ಲ. ಯಾವ ಕಾಯಿಲೆಯೂ ಇಲ್ಲದ ಕೆಲವರಲ್ಲಿ ಹುಟ್ಟಿನಿಂದಲೇ ಈ ನಾಳ ತೀರಾ ಸಣ್ಣದಾಗಿರುತ್ತದೆ, ಇಲ್ಲವೇ ದಾರಿ ಬದಲಿಸಿರುತ್ತದೆ. ಊಹೆಗೆ ಬಿಡದೆ, ರಕ್ತದ ಹರಿವನ್ನು ಶಬ್ದತರಂಗಗಳಿಂದ ಪತ್ತೆಹಚ್ಚುವ ಡಾಪ್ಲರ್ ಇಟ್ಟು ಒತ್ತಡ ಅಳೆದೆ: ತೋಳಿನಲ್ಲಿ 130, ಎಡಹರಡಿನಲ್ಲಿ 140, ಬಲಹರಡಿನಲ್ಲಿ 138 ಮಿಲಿಮೀಟರ್ ಪಾದರಸ. ಹರಡಿನ ಒತ್ತಡವನ್ನು ತೋಳಿನದರಿಂದ ಭಾಗಿಸಿದರೆ ಎಡಕ್ಕೆ 1.08, ಬಲಕ್ಕೆ 1.06. ಈ ಅನುಪಾತ 0.90 ಅಥವಾ ಅದಕ್ಕೂ ಕಡಿಮೆಯಿದ್ದರೆ ಅಪಧಮನಿ ಕಿರಿದಾಗಿದೆ ಎಂದರ್ಥ. 1.40 ದಾಟಿದರೆ ನಾಳದ ಗೋಡೆ ಗಡುಸಾಗಿ ಅಳತೆಯೇ ನಂಬಿಕೆಗೆ ಅರ್ಹವಲ್ಲ. ಬೆರಳುಗಳು ಬೆಚ್ಚಗಿದ್ದವು, ಒತ್ತಿ ಬಿಟ್ಟ ಚರ್ಮಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತಿತ್ತು. ರಕ್ತನಾಳಗಳ ಮೇಲಿನ ಶಂಕೆ ಅಲ್ಲಿಗೆ ತೀರಿತು.

ಇಲ್ಲಿಯವರೆಗೆ ನಾನು ಸರಿಯಾದ ದಾರಿಯಲ್ಲಿದ್ದೆ.

ತಪ್ಪಿದ್ದು ಎಲ್ಲಿ

ಸ್ನಾಯುಬಲವನ್ನು 0ಯಿಂದ 5ರವರೆಗಿನ ಅಂಕಗಳಲ್ಲಿ ಬರೆಯುವ ಪದ್ಧತಿ ಎರಡನೆಯ ಮಹಾಯುದ್ಧದ ಕಾಲದಲ್ಲಿ, ನರಕ್ಕೆ ಗಾಯವಾದ ಸೈನಿಕರಿಗಾಗಿ ಬ್ರಿಟನ್ನಿನಲ್ಲಿ ರೂಪುಗೊಂಡದ್ದು. 0 ಎಂದರೆ ಮಿಡುಕೂ ಇಲ್ಲ, 1 ಎಂದರೆ ಬರಿಯ ಮಿಡುಕು, 2 ಎಂದರೆ ಭೂಮಿಯ ಸೆಳೆತವನ್ನು ತಪ್ಪಿಸಿದರೆ ಚಲನೆ, 3 ಎಂದರೆ ಸೆಳೆತದ ವಿರುದ್ಧ ಚಲನೆ, 4 ಎಂದರೆ ನಮ್ಮ ಕೈಗೂ ಸ್ವಲ್ಪ ಎದುರು ನಿಲ್ಲುವ ಬಲ, 5 ಎಂದರೆ ಪೂರ್ಣ ಬಲ. ಆ ಸಂಜೆ ಹೀಗೆ ಬರೆದೆ: ಪಾದ ಎತ್ತುವುದು 1, ಹೆಬ್ಬೆರಳು ಎತ್ತುವುದು 1, ಪಾದವನ್ನು ಹೊರಕ್ಕೆ ಹೊರಳಿಸುವುದು 2, ಒಳಕ್ಕೆ ಹೊರಳಿಸುವುದು 3, ಕೆಳಕ್ಕೆ ಒತ್ತುವುದು 5.

'ಒಳಕ್ಕೆ ಹೊರಳಿಸುವುದು 3' ಎಂಬ ಆ ಒಂದು ನಮೂದು ಇಡೀ ಪ್ರಕರಣವನ್ನು ಸೊಂಟದ ಕಡೆಗೆ ತಳ್ಳಿತು.

ಏಕೆಂದು ಬಿಡಿಸಿ ಹೇಳಬೇಕು. ಮಂಡಿಯ ಹೊರಪಕ್ಕದಲ್ಲಿ, ಕಣಕಾಲಿನ ಹೊರಬದಿಯ ತೆಳ್ಳನೆಯ ಮೂಳೆಯಾದ ಫಿಬ್ಯುಲಾದ ಕತ್ತನ್ನು ಬಳಸಿಕೊಂಡು ಕಾಮನ್ ಪೆರೋನಿಯಲ್ ನರ ಮುಂದಕ್ಕೆ ಬರುತ್ತದೆ. ಅಲ್ಲಿ ಅದಕ್ಕೂ ಹೊರಜಗತ್ತಿಗೂ ನಡುವೆ ಚರ್ಮ, ತೆಳ್ಳನೆಯ ಕೊಬ್ಬು, ಇಷ್ಟೇ. ಅದರ ಆಳದ ಕವಲು ಪಾದವನ್ನೂ ಬೆರಳುಗಳನ್ನೂ ಎತ್ತುವ ಸ್ನಾಯುಗಳಿಗೆ, ಮೇಲಿನ ಕವಲು ಪಾದವನ್ನು ಹೊರಕ್ಕೆ ಹೊರಳಿಸುವ ಸ್ನಾಯುಗಳಿಗೆ ಹೋಗುತ್ತದೆ. ಸೊಂಟದಿಂದ ಹೊರಡುವ ಎಲ್‌5 ನರಮೂಲದ ಎಳೆಗಳು ಇದೊಂದೇ ನರದಲ್ಲಿ ಸೇರಿಲ್ಲ. ಕೆಲವು ಟಿಬಿಯಲ್ ನರದ ಮೂಲಕ ಪಾದವನ್ನು ಒಳಕ್ಕೆ ಹೊರಳಿಸುವ ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುವಿಗೆ ಹೋಗುತ್ತವೆ. ಇನ್ನು ಕೆಲವು ಪೃಷ್ಠದ ಮೇಲಿನ ನರದ ಮೂಲಕ, ತೊಡೆಯನ್ನು ಪಕ್ಕಕ್ಕೆ ಎತ್ತುವ ಗ್ಲೂಟಿಯಸ್ ಮೀಡಿಯಸ್ ಸ್ನಾಯುವಿಗೆ ಹೋಗುತ್ತವೆ. ಬೇರಿಗೇ ಪೆಟ್ಟು ಬಿದ್ದಿದ್ದರೆ ಈ ಮೂರೂ ಕಡೆ ಬಲ ಕುಂದಬೇಕು. ಮಂಡಿಯ ಬಳಿ ನರ ಸೋತಿದ್ದರೆ ಪೆರೋನಿಯಲ್ ನರದ ಸ್ನಾಯುಗಳು ಮಾತ್ರ ಸೋಲುತ್ತವೆ, ಉಳಿದವು ಗಟ್ಟಿಯಾಗಿರುತ್ತವೆ. ಹೀಗಾಗಿ ಫುಟ್ ಡ್ರಾಪ್ ಇರುವವರಲ್ಲಿ ಕೆಲಸ ನಿಂತ ಸ್ನಾಯುಗಳಿಗಿಂತ, ಕೆಲಸ ಮಾಡುತ್ತಿರುವ ಸ್ನಾಯುಗಳು ಹೆಚ್ಚು ಹೇಳುತ್ತವೆ.

ಒಳಹೊರಳು ದುರ್ಬಲವಾಗಿದೆ, ಆದ್ದರಿಂದ ಎಲ್‌5 ಎಂದು ತೀರ್ಮಾನಿಸಿದೆ. ತೊಡೆಯನ್ನು ಪಕ್ಕಕ್ಕೆ ಎತ್ತಿಸಿ ನೋಡಲೇ ಇಲ್ಲ. ಪತ್ರ ಹೇಳಿದ್ದನ್ನೇ ನನ್ನ ಕೈಯೂ ಹೇಳಿತ್ತು, ಅಷ್ಟು ಸಾಕಾಯಿತು. ಬೆನ್ನುಮೂಳೆಯ ಶಸ್ತ್ರಚಿಕಿತ್ಸಕರಿಗೆ ಶಿಫಾರಸು ಬರೆದು ಅವರನ್ನು ದಾಖಲು ಮಾಡಿಕೊಂಡೆ.

ರಾತ್ರಿ ಟಿಪ್ಪಣಿಗಳನ್ನು ತಿದ್ದುವಾಗ ಮೂರು ವಿಷಯಗಳು ಒಟ್ಟಿಗೆ ಕೂರಲಿಲ್ಲ. ಸೊಂಟದಿಂದ ಕಾಲಿಗೆ ಹರಿಯುವ ನೋವನ್ನು ರೋಗಿ ಒಮ್ಮೆಯೂ ಹೇಳಿರಲಿಲ್ಲ. ನೇರಗಾಲನ್ನು 80 ಡಿಗ್ರಿಯವರೆಗೆ ಎತ್ತಿದರೂ ನರ ಎಳೆದಂತಾಗಿರಲಿಲ್ಲ; ಡಿಸ್ಕ್ ಒತ್ತಿದ್ದರೆ ಸಾಮಾನ್ಯವಾಗಿ 30ರಿಂದ 70 ಡಿಗ್ರಿಯ ನಡುವೆಯೇ ನೋವು ಮಂಡಿಯ ಕೆಳಗೆ ಇಳಿಯಬೇಕಿತ್ತು. ಹೊರಹೊರಳಿನ ಬಲ ಒಳಹೊರಳಿನದಕ್ಕಿಂತಲೂ ಹೆಚ್ಚು ಕುಂದಿತ್ತು. ನೋವಿಲ್ಲದೆಯೂ ಡಿಸ್ಕ್‌ನಿಂದ ಪಾದ ಜೋತುಬೀಳುವುದುಂಟು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಬೆನ್ನಿಗೆ ಕತ್ತಿ ಹಾಕಿಸುವ ನಿರ್ಧಾರಕ್ಕೆ 'ಉಂಟು' ಎಂಬ ಮಾತು ಸಾಲದು.

ಮರುದಿನ ಬೆಳಿಗ್ಗೆ: ಮೊದಲಿನಿಂದ

ಈ ಸಲ ಕಡತವನ್ನು ಮುಚ್ಚಿಟ್ಟೆ. ತೊಡೆಯ ಮೇಲಿನವರೆಗೆ ಎರಡೂ ಕಾಲುಗಳ ಬಟ್ಟೆ ಸರಿಸಿ ಸುಮ್ಮನೆ ನೋಡಿದೆ. ತೊಡೆ, ಮೀನಖಂಡ ಸಮವಾಗಿದ್ದವು. ಐದೇ ದಿನಗಳಲ್ಲಿ ಸ್ನಾಯು ಸೊರಗುವುದಿಲ್ಲವಾದ್ದರಿಂದ ಅದರಲ್ಲಿ ಅಚ್ಚರಿಯಿಲ್ಲ. ಬೆರಳುಗಳನ್ನು ಎತ್ತಲು ಹೇಳಿದಾಗ ಬಲಪಾದದ ಹೊರಭಾಗದಲ್ಲಿ, ಹರಡಿನ ಮುಂದೆ, ಪುಟ್ಟ ಸ್ನಾಯುವೊಂದು ಗುಂಡಗೆ ಉಬ್ಬಿತು. ಎಡಪಾದದಲ್ಲಿ ಆ ಜಾಗ ಚಪ್ಪಟೆಯಾಗಿಯೇ ಉಳಿಯಿತು.

ಪಾದ ಎತ್ತುವ ಬಲವನ್ನು ನೋಡುವಾಗ ಕಣ್ಣಿನ ಜೊತೆ ಬೆರಳೂ ಕೆಲಸ ಮಾಡಬೇಕು. ಕೆಲವರು ಮೊದಲು ಪಾದವನ್ನು ಕೆಳಕ್ಕೆ ಒತ್ತಿ ಥಟ್ಟನೆ ಸಡಿಲಬಿಡುತ್ತಾರೆ. ಆಗ ಪಾದ ತಾನಾಗಿ ಸ್ವಲ್ಪ ಮೇಲೆ ಬರುತ್ತದೆ, ನೋಡುವವರಿಗೆ ಸ್ನಾಯು ಎತ್ತಿದಂತೆ ಕಾಣುತ್ತದೆ. ಹರಡಿನ ಮುಂದಿನ ಸ್ನಾಯುರಜ್ಜುವಿನ ಮೇಲೆ ಬೆರಳಿಟ್ಟರೆ ಮೋಸ ಗೊತ್ತಾಗುತ್ತದೆ. ಅವರಲ್ಲಿ ನಿಜವಾಗಿಯೂ ಮಿಡುಕು ಮಾತ್ರ ಇತ್ತು.

ಮತ್ತೆ ಒಳಹೊರಳಿಗೆ ಬಂದೆ. ಹಿಂದಿನ ದಿನ ಪಾದ ಜೋತುಬಿದ್ದ ಸ್ಥಿತಿಯಲ್ಲಿಯೇ 'ಒಳಕ್ಕೆ ಹೊರಳಿಸಿ' ಎಂದಿದ್ದೆ. ತಪ್ಪು ಅದೇ. ಪಾದ ಕೆಳಗೆ ಇಳಿಬಿದ್ದಿದ್ದಾಗ ಟಿಬಿಯಾಲಿಸ್ ಪೋಸ್ಟೀರಿಯರ್ ಆಗಲೇ ಕುಗ್ಗಿ ಗಿಡ್ಡವಾಗಿರುತ್ತದೆ, ಕುಗ್ಗಿದ ಸ್ನಾಯುವಿಗೆ ಇನ್ನಷ್ಟು ಎಳೆಯುವ ತ್ರಾಣ ಇರುವುದಿಲ್ಲ. ಒಳಹೊರಳಿನಲ್ಲಿ ಅದರ ಜೊತೆಗಾರನಾದ, ಪಾದವನ್ನು ಎತ್ತುವ ಟಿಬಿಯಾಲಿಸ್ ಆಂಟೀರಿಯರ್ ಕೂಡ ಆ ಹೊತ್ತಿಗೆ ಸೋತಿರುತ್ತದೆ. ಹಾಗಾಗಿ ಆರೋಗ್ಯವಾಗಿರುವ ಸ್ನಾಯುವೂ ದುರ್ಬಲವೆನಿಸುತ್ತದೆ. ಈ ಸಲ ನನ್ನ ಅಂಗೈಯಿಂದ ಅವರ ಪಾದವನ್ನು ಎತ್ತಿ, ಕಣಕಾಲಿಗೆ ಲಂಬಕೋನದಲ್ಲಿ ಹಿಡಿದುಕೊಂಡೆ. ನಂತರ ಒಳಕ್ಕೆ ಹೊರಳಿಸಲು ಹೇಳಿದೆ.

ಅವರ ಪಾದ ನನ್ನ ಕೈಯನ್ನು ತಳ್ಳಿಕೊಂಡು ಹೋಯಿತು. ಪೂರ್ಣ 5.

ಪಕ್ಕಕ್ಕೆ ಮಲಗಿಸಿ ಎಡತೊಡೆಯನ್ನು ಮೇಲಕ್ಕೆ ಎತ್ತಿಸಿದೆ, ನನ್ನ ಭಾರ ಹಾಕಿ ಒತ್ತಿದೆ. ಅದೂ 5. ಎಡಗಾಲೊಂದರ ಮೇಲೆ ನಿಂತಾಗ ಬಲಸೊಂಟ ಕೆಳಗೆ ಜಾರಲಿಲ್ಲ. ಬೆರಳುಗಳನ್ನು ಮಡಚುವ ಬಲವೂ ಸರಿಯಿತ್ತು. ಮಂಡಿಯ ಮತ್ತು ಹಿಮ್ಮಡಿಯ ಪ್ರತಿವರ್ತನಗಳು ಎರಡೂ ಬದಿ ಸಮನಾಗಿದ್ದವು.

ಸ್ಪರ್ಶಜ್ಞಾನದ ಪರೀಕ್ಷೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಕ್ರಮವಿದೆ. ಮೊನೆಯನ್ನು ಮರಗಟ್ಟಿದ ಕಡೆಯಿಂದ ಸರಿಯಿರುವ ಕಡೆಗೆ ಸರಿಸುತ್ತಾ ಹೋಗಿ, 'ಈಗ ಸರಿಯಾಗಿ ಚುಚ್ಚಿತು' ಎನ್ನುವಲ್ಲಿ ರೋಗಿಯ ಕೈಗೇ ಪೆನ್ನು ಕೊಟ್ಟು ಗುರುತು ಹಾಕಿಸುವುದು. ತನ್ನ ಚರ್ಮದ ಗಡಿಯನ್ನು ರೋಗಿಯಷ್ಟು ನಿಖರವಾಗಿ ಬೇರೆ ಯಾರೂ ಬರೆಯಲಾರರು. ಅವರು ಬರೆದ ನಕ್ಷೆ ಕಣಕಾಲಿನ ಹೊರಬದಿಯ ಕೆಳಭಾಗ, ಪಾದದ ಮೇಲ್ಭಾಗ, ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಸಂದನ್ನು ಒಳಗೊಂಡಿತ್ತು. ಅಂಗಾಲು ಸರಿಯಿತ್ತು. ಕಣಕಾಲಿನ ಹೊರಬದಿಯಲ್ಲಿ ಮಂಡಿಯ ಹತ್ತಿರದ ಚರ್ಮವೂ ಸರಿಯಿತ್ತು. ಆ ಮೇಲ್ತುಂಡಿನ ಚರ್ಮದ ಕವಲು ಫಿಬ್ಯುಲಾದ ಕತ್ತನ್ನು ತಲುಪುವ ಮೊದಲೇ ಬೇರ್ಪಟ್ಟುಬಿಡುತ್ತದೆ. ಪೆಟ್ಟು ಬಿದ್ದ ಜಾಗವನ್ನು ರೋಗಿಯೇ ನನಗೆ ಬರೆದು ತೋರಿಸಿದಂತಾಯಿತು.

ತೊಡೆಯ ಹಿಂದಿನ ಹೊರಸ್ನಾಯುವಿನ ರಜ್ಜುವನ್ನು ಹಿಡಿದು ಕೆಳಗೆ ಬಂದರೆ ಫಿಬ್ಯುಲಾದ ತಲೆ ಸಿಗುತ್ತದೆ. ಅದರ ಹಿಂದೆ, ತುಸು ಕೆಳಗೆ ಬೆರಳನ್ನು ಅಡ್ಡಲಾಗಿ ಆಡಿಸಿದರೆ ನರ ದಾರದಂತೆ ಉರುಳುತ್ತದೆ. ಅದು ದಪ್ಪವಾಗಿದೆಯೇ ಎಂದು ಎರಡೂ ಬದಿ ಹೋಲಿಸಿದೆ, ಏಕೆಂದರೆ ಕುಷ್ಠರೋಗ ಈ ನರವನ್ನು ಇಲ್ಲಿಯೇ ದಪ್ಪಗಾಗಿಸುತ್ತದೆ. ದಪ್ಪವಿರಲಿಲ್ಲ, ಗಂಟೂ ಇರಲಿಲ್ಲ. ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದೆ. "ಡಾಕ್ಟರೇ, ಪಾದದವರೆಗೆ ಕರೆಂಟ್ ಹೊಡೆದಂತಾಯಿತು" ಎಂದರು. ಫ್ರೆಂಚ್ ನರವೈದ್ಯ ಜೂಲ್ಸ್ ಟಿನೆಲ್ 1915ರಲ್ಲಿ ಗಾಯಗೊಂಡ ನರಗಳ ಬಗ್ಗೆ ವಿವರಿಸಿದ ಚಿಹ್ನೆ ಇದು.

ಕೇಳದೆ ಉಳಿದಿದ್ದ ಪ್ರಶ್ನೆ

ಆಗ ಕೇಳಿದೆ: "ಕಾಲು ಸೋಲುವ ಹಿಂದಿನ ದಿನ ಏನು ಕೆಲಸ ಮಾಡಿದ್ದಿರಿ?"

ಸ್ನಾನದ ಕೋಣೆಯೊಂದರ ಟೈಲ್ಸ್ ಮುಗಿಸುವ ಗಡಿಬಿಡಿಯಂತೆ. ಎರಡು ದಿನ, ದಿನಕ್ಕೆ ಹತ್ತು ಗಂಟೆಯಂತೆ, ಇಕ್ಕಟ್ಟಿನ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಕಾಲು ಜುಮ್ಮೆಂದಿತ್ತು, ಆದರೆ ಈ ಕೆಲಸದಲ್ಲಿ ಅದು ದಿನನಿತ್ಯದ ಮಾತು ಎಂದು ಗಮನ ಕೊಟ್ಟಿರಲಿಲ್ಲ. ಕುಕ್ಕರಗಾಲಿನಲ್ಲಿ ಮಂಡಿ ಪೂರ್ತಿ ಮಡಚಿದಾಗ ನರ ಫಿಬ್ಯುಲಾದ ಕತ್ತಿನ ಬಳಿ ಎಳೆತಕ್ಕೂ ಒತ್ತಡಕ್ಕೂ ಒಟ್ಟಿಗೆ ಸಿಗುತ್ತದೆ. ಇನ್ನೊಂದು ಸಂಗತಿಯೂ ಹೊರಬಂತು. ಸೊಂಟನೋವಿಗೆ ತೂಕ ಇಳಿಸಿ ಎಂದು ಯಾರೋ ಹೇಳಿದ್ದರಿಂದ ನಾಲ್ಕು ತಿಂಗಳಲ್ಲಿ 11 ಕಿಲೋ ಇಳಿಸಿದ್ದರು. ಬೇಗ ತೂಕ ಇಳಿದಾಗ ಆ ನರಕ್ಕೆ ಮೆತ್ತೆಯಾಗಿದ್ದ ಕೊಬ್ಬೂ ಕರಗುತ್ತದೆ. ಹೇಳಿದಂತೆ ನಡೆದ, ಶ್ರದ್ಧೆಯಿಂದ ದುಡಿದ ಮನುಷ್ಯ ಅವರು, ಕಾಲು ಸೋತದ್ದು ಆ ಎರಡರ ನಡುವೆ. ಕೇಳಿ ಬಹಳ ಬೇಸರವಾಯಿತು.

ಮಧುಮೇಹ ಇರಲಿಲ್ಲ. ಎಂಟನೆಯ ದಿನ ಮಾಡಿದ ನರವಹನ ಪರೀಕ್ಷೆಯಲ್ಲಿ ಫಿಬ್ಯುಲಾದ ಕತ್ತಿನ ಕೆಳಗೆ ನರವನ್ನು ಪ್ರಚೋದಿಸಿದರೆ ಸ್ನಾಯು ಚೆನ್ನಾಗಿ ಸ್ಪಂದಿಸುತ್ತಿತ್ತು. ಕತ್ತಿನ ಮೇಲೆ, ಮಂಡಿಯ ಹಿಂದೆ ಪ್ರಚೋದಿಸಿದರೆ ಸ್ಪಂದನ ತೀರಾ ಕುಸಿಯುತ್ತಿತ್ತು. ಎಂದರೆ ನರದ ಎಳೆಗಳು ಕಡಿದಿಲ್ಲ, ಒಂದು ಕಡೆ ಸಂದೇಶ ದಾಟುತ್ತಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಅದೇ ಜಾಗದಲ್ಲಿ ನರ ಸ್ವಲ್ಪ ಊದಿಕೊಂಡಿತ್ತು. ಪಕ್ಕದ ಕೀಲಿನಿಂದ ನರದೊಳಗೆ ನುಗ್ಗುವ ನೀರುಗುಳ್ಳೆ ಇದ್ದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತಿತ್ತು, ಅದು ಇರಲಿಲ್ಲ. ಮೂರು ವಾರಗಳಾದ ಮೇಲೆ, ಸ್ನಾಯುವಿಗೆ ಸೂಜಿ ಚುಚ್ಚಿ ಅದರ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ ಮಾಡಿಸಿದೆವು, ಏಕೆಂದರೆ ಅದಕ್ಕೂ ಮೊದಲು ಸ್ನಾಯುವಿನಲ್ಲಿ ನರ ಕಡಿದ ಗುರುತುಗಳು ಪೂರ್ತಿ ಮೂಡಿರುವುದಿಲ್ಲ. ಟಿಬಿಯಾಲಿಸ್ ಪೋಸ್ಟೀರಿಯರ್ ಸರಿಯಿತ್ತು. ತೊಡೆಯ ಹಿಂದಿನ ಬೈಸೆಪ್ಸ್ ಫೆಮೊರಿಸ್ ಸ್ನಾಯುವಿನ ಗಿಡ್ಡ ತಲೆಯೂ ಸರಿಯಿತ್ತು. ಪೆರೋನಿಯಲ್ ಭಾಗದ ಎಳೆಗಳಿಂದ ನರ ಪಡೆಯುವ, ಮಂಡಿಗಿಂತ ಮೇಲಿನ ಏಕೈಕ ಸ್ನಾಯು ಅದು. ಪೆರೋನಿಯಲ್ ಮತ್ತು ಟಿಬಿಯಲ್ ನರಗಳಾಗಿ ಕವಲೊಡೆಯುವ ಸಯಾಟಿಕ್ ನರಕ್ಕೆ ತೊಡೆಯಲ್ಲಿ ಪೆಟ್ಟಾಗಿದ್ದರೆ ಅಲ್ಲಿ ಸುಳಿವು ಸಿಗುತ್ತಿತ್ತು.

ಹಾಗಾದರೆ ಎಂಆರ್‌ಐ ಸುಳ್ಳು ಹೇಳಿತೇ? ಇಲ್ಲ. ಡಿಸ್ಕ್ ಉಬ್ಬಿದ್ದು ನಿಜ, ನರಮೂಲವನ್ನು ತಾಗಿದ್ದೂ ನಿಜ. ಆದರೆ ಯಾವ ನೋವೂ ಇಲ್ಲದವರ ಬೆನ್ನಿನ ಚಿತ್ರಗಳನ್ನು ಒಟ್ಟುಗೂಡಿಸಿ ನೋಡಿದ, 2015ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ 20ರ ಹರೆಯದವರಲ್ಲೇ ಶೇ. 30ರಷ್ಟು, 50ರವರಲ್ಲಿ ಶೇ. 60ರಷ್ಟು, 80ರವರಲ್ಲಿ ಶೇ. 84ರಷ್ಟು ಮಂದಿಗೆ ಡಿಸ್ಕ್ ಉಬ್ಬಿತ್ತು. ಈ ವಯಸ್ಸಿನ ಶ್ರಮಜೀವಿಯ ಸೊಂಟದ ಚಿತ್ರ ತೆಗೆದರೆ ಏನಾದರೊಂದು ಕಂಡೇ ಕಾಣುತ್ತದೆ. ಅದೇ ಕಾರಣವೇ ಎಂಬುದನ್ನು ಕಾಲು ಹೇಳಬೇಕು.

ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ ನನ್ನ ಮೊದಲ ನಮೂದು ತಪ್ಪೆಂದು ತಿಳಿಸಿದೆ. ಅವರು ತಾವೇ ಬಂದು ಪಾದವನ್ನು ಎತ್ತಿ ಹಿಡಿದು ಒಳಹೊರಳನ್ನು ನೋಡಿದರು, ಶಸ್ತ್ರಚಿಕಿತ್ಸೆಯ ಪಟ್ಟಿಯಿಂದ ಹೆಸರು ತೆಗೆದರು. ರೋಗಿಗೂ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಅವರು ಕೇಳಿದ್ದು ಒಂದೇ: "ಹಾಗಾದರೆ ಬೆನ್ನು ಕೊಯ್ಯುವುದಿಲ್ಲ ತಾನೇ?"

ಚಿಕಿತ್ಸೆ ಸರಳವಾಗಿತ್ತು. ನಡೆಯುವಾಗ ಪಾದವನ್ನು ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ, ಹಿಮ್ಮಡಿಯ ರಜ್ಜು ಬಿಗಿಯಾಗದಂತೆ ದಿನವೂ ಎಳೆತದ ವ್ಯಾಯಾಮ, ಕುಕ್ಕರಗಾಲೂ ಕಾಲಮೇಲೆ ಕಾಲೂ ನಿಷಿದ್ಧ. ಪಟ್ಟಿಯ ಮೇಲಂಚು ಫಿಬ್ಯುಲಾದ ಕತ್ತನ್ನು ಒತ್ತದಂತೆ ನಾನೇ ನೋಡಿ ಸರಿಪಡಿಸಿದೆ. ಮರಗಟ್ಟಿದ ಪಾದಕ್ಕೆ ಗಾಯವಾಗಿದೆಯೇ ಎಂದು ಪ್ರತಿ ರಾತ್ರಿ ಪರಿಶೀಲಿಸಲು ಹೇಳಿದೆ. ಕಡಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯಬೇಕು, ಸಂದೇಶ ಮಾತ್ರ ತಡೆದ ನರ ಅಷ್ಟು ಕಾಯಿಸುವುದಿಲ್ಲ. ನಾಲ್ಕನೆಯ ವಾರದಲ್ಲಿ ಮಿಡುಕು ಚಲನೆಯಾಯಿತು, ಏಳನೆಯ ವಾರದಲ್ಲಿ ಬಲ 3ಕ್ಕೆ ಬಂತು. ಆ ಹೊತ್ತಿಗೆ ಅವರು ಗಿಡ್ಡ ಸ್ಟೂಲೊಂದರ ಮೇಲೆ ಕೂತು, ಗಂಟೆಗೊಮ್ಮೆ ಎದ್ದು ನಿಲ್ಲುತ್ತಾ ಅರ್ಧ ದಿನದ ಕೆಲಸ ಶುರುಮಾಡಿದ್ದರು.

ಮೂರು ತಿಂಗಳಿಗೆ ಬಂದಾಗ ಎರಡೂ ಹಿಮ್ಮಡಿಗಳ ಮೇಲೆ ನಡೆಯಲು ಹೇಳಿದೆ. ಎರಡೂ ಪಾದಗಳ ಮುಂಭಾಗವನ್ನು ಎತ್ತಿಕೊಂಡು ಬಾಗಿಲವರೆಗೆ ಹೋಗಿ ಬಂದರು. ಪಾದ ಎತ್ತುವ ಬಲ 5, ಹೆಬ್ಬೆರಳಿನದು 4. ಬೆರಳ ಸಂದಿನಲ್ಲಿ ಇನ್ನೂ ತುಸು ಮರಗಟ್ಟಿತ್ತು. ಅವರ ಕಡತದ ಮೊದಲ ಪುಟದಲ್ಲಿ, ಮುಂದೆ ನೋಡುವ ವೈದ್ಯರು ಗಾಬರಿಯಾಗದಿರಲೆಂದು ದಪ್ಪ ಅಕ್ಷರಗಳಲ್ಲಿ ಬರೆದಿಟ್ಟೆ: ಡಾರ್ಸಾಲಿಸ್ ಪೀಡಿಸ್ ನಾಡಿ ಎರಡೂ ಪಾದಗಳಲ್ಲಿ ಸಿಗುವುದಿಲ್ಲ, ಪೋಸ್ಟೀರಿಯರ್ ಟಿಬಿಯಲ್ ಚೆನ್ನಾಗಿದೆ, ಹರಡು-ತೋಳಿನ ಅನುಪಾತ ಎಡ 1.08, ಬಲ 1.06.